‘ಅಡ್ಮಿನಿಸ್ಟ್ರೇಷನ್’ ಎಂದರೆ ಆಡಳಿತವೇ? ಜೊತೆಗಿರುವ ವಿಶೇಷಣ ನೋಡಿ ಹೇಳಬೇಕು

ಇಂಗ್ಲಿಷ್ ಪತ್ರಿಕೆಯ ವಿದೇಶ ಪುಟದಲ್ಲಿ ‘ಔಟ್‌ಗೋಯಿಂಗ್ ಅಡ್ಮಿನಿಸ್ಟ್ರೇಷನ್’ ಎಂದಿದ್ದರೆ ಅದು ಅಧಿಕಾರ ಬಿಟ್ಟುಕೊಡಲಿರುವ ಸರ್ಕಾರ. ಜಿಲ್ಲಾ ಪುಟದಲ್ಲಿ ‘ಡಿಸ್ಟ್ರಿಕ್ಟ್ ಅಡ್ಮಿನಿಸ್ಟ್ರೇಷನ್’ ಎಂದಿದ್ದರೆ ಜಿಲ್ಲಾಧಿಕಾರಿ ಮತ್ತು ಅವರ ಕೈಕೆಳಗಿನ ಇಡೀ ವ್ಯವಸ್ಥೆ. ವಾಣಿಜ್ಯ ಪುಟದಲ್ಲಿ ಆಸ್ಟ್ರೇಲಿಯಾದ ಕಂಪನಿಯೊಂದು ‘ವಾಲಂಟರಿ ಅಡ್ಮಿನಿಸ್ಟ್ರೇಷನ್’ಗೆ ಹೋಯಿತು ಎಂದರೆ ಸಾಲ ತೀರಿಸಲಾಗದ ಸ್ಥಿತಿಗೆ ಬಂದು ಹೊರಗಿನವರ ಕೈಗೆ ಚುಕ್ಕಾಣಿ ಕೊಟ್ಟಿತು ಎಂದರ್ಥ. ಔಷಧದ ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯಲ್ಲಿ ‘ಓರಲ್ ಅಡ್ಮಿನಿಸ್ಟ್ರೇಷನ್’ ಎಂದಿದ್ದರೆ ಅದು ಬಾಯಿಯ ಮೂಲಕ ಔಷಧ ಕೊಡುವುದು. ನಾಲ್ಕಕ್ಕೂ ಕಣ್ಣುಮುಚ್ಚಿ ‘ಆಡಳಿತ’ ಎಂದು ಬರೆದರೆ ಮೊದಲೆರಡು ಹೇಗೋ ದಾಟಿಕೊಳ್ಳುತ್ತವೆ. ಮೂರನೆಯದು ಓದುಗರನ್ನು ದಾರಿ ತಪ್ಪಿಸುತ್ತದೆ. ನಾಲ್ಕನೆಯದು ‘ಮೌಖಿಕ ಆಡಳಿತ’ವಾಗಿ ನಗೆಪಾಟಲಾಗುತ್ತದೆ, ಯಂತ್ರಾನುವಾದದ ಪುಟಗಳಲ್ಲಿ ಈ ಪ್ರಯೋಗ ಸಿಗುವುದುಂಟು.

ಪದದ ಬೇರು ಲ್ಯಾಟಿನ್ನಿನದು. ಅಲ್ಲಿನ ‘ಮಿನಿಸ್ಟ್ರಾರೆ’ ಎಂಬ ಕ್ರಿಯಾಪದಕ್ಕೆ ಸೇವೆ ಮಾಡು, ಒದಗಿಸು ಎಂಬ ಅರ್ಥಗಳಿದ್ದವು. ಹೀಗಾಗಿ ಇಂಗ್ಲಿಷಿನಲ್ಲೂ ‘ಅಡ್ಮಿನಿಸ್ಟ್ರೇಷನ್’ಗೆ ನೋಡಿಕೊಳ್ಳುವುದು ಮತ್ತು ಕೊಡುವುದು ಎಂಬ ಎರಡು ಎಳೆಗಳು ಉಳಿದುಕೊಂಡಿವೆ. ಕಚೇರಿ, ಜಿಲ್ಲೆ, ದೇಶ ಇವೆಲ್ಲ ಮೊದಲನೆಯ ಎಳೆಗೆ ಸೇರುತ್ತವೆ. ಔಷಧ, ನ್ಯಾಯ, ಪ್ರಮಾಣವಚನ ಎರಡನೆಯದಕ್ಕೆ. ಪದ ಒಂಟಿಯಾಗಿ ನಿಂತಾಗ ಯಾವ ಎಳೆ ಎಂದು ಹೇಳಲಾಗದು. ಅದನ್ನು ತೀರ್ಮಾನಿಸುವುದು ಹೆಚ್ಚಿನ ಸಲ ಅದರ ಮುಂಚೆ ಬರುವ ವಿಶೇಷಣವೇ.

ಬಗೆ ಹೇಳುವವು, ಗುಣ ಹೇಳುವವು

ಈ ಪದದ ಜೊತೆ ಬರುವ ವಿಶೇಷಣಗಳನ್ನು ಎರಡು ಗುಂಪಾಗಿ ಒಡೆದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ‘ಪಬ್ಲಿಕ್’, ‘ಸಿವಿಲ್’, ‘ಲೋಕಲ್’, ‘ಮುನಿಸಿಪಲ್’, ‘ಕಲೋನಿಯಲ್’, ‘ಓರಲ್’, ‘ಇಂಟ್ರಾವೀನಸ್’ ಇವೆಲ್ಲ ಬಗೆಯನ್ನು ಹೇಳುತ್ತವೆ: ಯಾವ ಜಾತಿಯ ಅಡ್ಮಿನಿಸ್ಟ್ರೇಷನ್ ಎಂದು. ‘ಎಫಿಷಿಯೆಂಟ್’, ‘ಕರಪ್ಟ್’, ‘ಲ್ಯಾಕ್ಸ್’, ‘ಸೌಂಡ್’, ‘ಟ್ರಾನ್ಸ್‌ಪರೆಂಟ್’ ಇವು ಗುಣ ಹೇಳುತ್ತವೆ: ಅದು ಹೇಗಿದೆ ಎಂದು.

ಯಾವುದು ಯಾವ ಗುಂಪು ಎಂದು ಅನುಮಾನ ಬಂದರೆ ಮುಂದೆ ‘ವೆರಿ’ ಹಾಕಿ ನೋಡಿ. ‘ವೆರಿ ಎಫಿಷಿಯೆಂಟ್ ಅಡ್ಮಿನಿಸ್ಟ್ರೇಷನ್’ ನಿಲ್ಲುತ್ತದೆ. ‘ವೆರಿ ಮುನಿಸಿಪಲ್ ಅಡ್ಮಿನಿಸ್ಟ್ರೇಷನ್’ ನಿಲ್ಲುವುದಿಲ್ಲ. ಎರಡನೆಯ ಪರೀಕ್ಷೆ ವಿಶೇಷಣವನ್ನು ‘ಈಸ್’ ಆದಮೇಲೆ ಇಟ್ಟು ನೋಡುವುದು. ‘ದಿ ಅಡ್ಮಿನಿಸ್ಟ್ರೇಷನ್ ಈಸ್ ಕರಪ್ಟ್’ ಎನ್ನಬಹುದು, ‘ದಿ ಅಡ್ಮಿನಿಸ್ಟ್ರೇಷನ್ ಈಸ್ ಮುನಿಸಿಪಲ್’ ಎಂದು ಸಾಮಾನ್ಯವಾಗಿ ಅನ್ನುವುದಿಲ್ಲ.

ಇದು ಬರೀ ವ್ಯಾಕರಣದ ಆಟವಲ್ಲ, ಪದಗಳ ಕ್ರಮ ಇದರ ಮೇಲೆ ನಿಂತಿದೆ. ಬಗೆ ಹೇಳುವ ವಿಶೇಷಣ ಯಾವತ್ತೂ ನಾಮಪದಕ್ಕೆ ಅಂಟಿಕೊಂಡೇ ಇರಬೇಕು. ಗುಣ ಹೇಳುವುದು, ಕಾಲ ಹೇಳುವುದು ಅದಕ್ಕಿಂತ ಮುಂಚೆ. ‘ಎಫಿಷಿಯೆಂಟ್ ಲೋಕಲ್ ಅಡ್ಮಿನಿಸ್ಟ್ರೇಷನ್’ ಸರಿ, ‘ಲೋಕಲ್ ಎಫಿಷಿಯೆಂಟ್ ಅಡ್ಮಿನಿಸ್ಟ್ರೇಷನ್’ ತಪ್ಪು. ‘ದಿ ಪ್ರೀವಿಯಸ್ ಲೇಬರ್ ಅಡ್ಮಿನಿಸ್ಟ್ರೇಷನ್’ ಸರಿ, ‘ದಿ ಲೇಬರ್ ಪ್ರೀವಿಯಸ್ ಅಡ್ಮಿನಿಸ್ಟ್ರೇಷನ್’ ತಪ್ಪು. ಕನ್ನಡದಲ್ಲಿ ‘ದಕ್ಷ ಸ್ಥಳೀಯ ಆಡಳಿತ’ ಎಂದರೂ ‘ಸ್ಥಳೀಯ ದಕ್ಷ ಆಡಳಿತ’ ಎಂದರೂ ಕಿವಿಗೆ ತೀರಾ ಕಚ್ಚುವುದಿಲ್ಲ. ಆ ಸಡಿಲತೆಯನ್ನು ಇಂಗ್ಲಿಷಿಗೆ ಹೊತ್ತೊಯ್ದಾಗ ವಾಕ್ಯ ಮುಗ್ಗರಿಸುತ್ತದೆ.

ಇನ್ನೊಂದು ಗುರುತು ‘ದಿ’. ಕೆಲಸವನ್ನೋ ವಿಷಯವನ್ನೋ ಹೇಳುವಾಗ ‘ದಿ’ ಬೇಡ: ಪರೀಕ್ಷೆಗೆ ಓದುವುದು ‘ಪಬ್ಲಿಕ್ ಅಡ್ಮಿನಿಸ್ಟ್ರೇಷನ್’, ಕಾಲೇಜಿನಲ್ಲಿ ಕಲಿಸುವುದು ‘ಬಿಸಿನೆಸ್ ಅಡ್ಮಿನಿಸ್ಟ್ರೇಷನ್’, ಔಷಧ ಕೊಡುವುದು ‘ಬೈ ಓರಲ್ ಅಡ್ಮಿನಿಸ್ಟ್ರೇಷನ್’. ಒಂದು ನಿರ್ದಿಷ್ಟ ಅಧಿಕಾರವರ್ಗವನ್ನು ತೋರಿಸುವಾಗ ‘ದಿ’ ಬೇಕೇಬೇಕು: ‘ದಿ ಡಿಸ್ಟ್ರಿಕ್ಟ್ ಅಡ್ಮಿನಿಸ್ಟ್ರೇಷನ್ ಹ್ಯಾಸ್ ಡಿಕ್ಲೇರ್ಡ್ ಎ ಹಾಲಿಡೇ’. ಬಹುವಚನ ಬಂದಿದ್ದರೆ, ಉದಾಹರಣೆಗೆ ‘ಸಕ್ಸೆಸಿವ್ ಅಡ್ಮಿನಿಸ್ಟ್ರೇಷನ್ಸ್’ ಎಂದಿದ್ದರೆ, ಅದು ಒಂದಾದ ಮೇಲೊಂದು ಬಂದ ಸರ್ಕಾರಗಳ ಮಾತು ಎಂದೇ ಹೆಚ್ಚುಕಡಿಮೆ ಹೇಳಬಹುದು.

ಸರ್ಕಾರಿ ಅಂಗಳದ ಪದಗಳು

‘ಪಬ್ಲಿಕ್ ಅಡ್ಮಿನಿಸ್ಟ್ರೇಷನ್’ ಒಂದು ಓದಿನ ವಿಷಯವೂ ಹೌದು, ಸರ್ಕಾರಿ ಕೆಲಸ ನಡೆಯುವ ರೀತಿಯೂ ಹೌದು. ಓದಿನ ವಿಷಯವಾಗಿ ಅದಕ್ಕೆ ಅಡಿಪಾಯ ಹಾಕಿದ್ದೆಂದು ಎಲ್ಲರೂ ತೋರಿಸುವುದು 1887ರಲ್ಲಿ ವುಡ್ರೋ ವಿಲ್ಸನ್ ಬರೆದ ಪ್ರಬಂಧವನ್ನು. ಅವರು ಅಮೆರಿಕದ ಅಧ್ಯಕ್ಷರಾಗಿದ್ದು ಅದಾಗಿ ಕಾಲು ಶತಮಾನ ಕಳೆದ ಮೇಲೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಇದೂ ಒಂದು. ಕನ್ನಡದಲ್ಲಿ ‘ಸಾರ್ವಜನಿಕ ಆಡಳಿತ’ ನೆಲೆ ನಿಂತಿದೆ.

‘ಸಿವಿಲ್’ ಬಂದಾಗ ಎದುರಿಗೆ ‘ಮಿಲಿಟರಿ’ ಇದೆ ಎಂದು ಇಟ್ಟುಕೊಳ್ಳಿ. ಗಲಭೆಯಲ್ಲೋ ಪ್ರವಾಹದಲ್ಲೋ ಸೇನೆ ಸಿವಿಲ್ ಅಡ್ಮಿನಿಸ್ಟ್ರೇಷನ್‌ನ ನೆರವಿಗೆ ಬಂತು ಎಂದರೆ, ಸಮವಸ್ತ್ರವಿಲ್ಲದ ಆಡಳಿತ ತನ್ನ ಕೈಯಲ್ಲಿ ಆಗದಾಗ ಸೇನೆಯನ್ನು ಕರೆಯಿತು ಎಂದು. ನ್ಯಾಯಾಲಯದ ಸಿವಿಲ್ ದಾವೆಗೂ ಇದಕ್ಕೂ ಸಂಬಂಧವಿಲ್ಲ.

‘ಕಲೋನಿಯಲ್’, ‘ಬ್ರಿಟಿಷ್’ ಜೊತೆ ಸ್ವಲ್ಪ ಎಚ್ಚರ ಬೇಕು. ‘ಅಂಡರ್ ಬ್ರಿಟಿಷ್ ಅಡ್ಮಿನಿಸ್ಟ್ರೇಷನ್’ ಎಂದ ಮಾತ್ರಕ್ಕೆ ಆ ಸೀಮೆ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು ಎಂದಾಗುವುದಿಲ್ಲ. 1831ರಲ್ಲಿ ಮೈಸೂರಿನ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿ ಕೈಗೆ ತೆಗೆದುಕೊಂಡಿತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಮಹಾರಾಜರಾಗಿಯೇ ಉಳಿದರು, ಆಳಿದವರು ಮಾತ್ರ ಕಮಿಷನರುಗಳು. ಅವರಲ್ಲಿ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಇದ್ದರು. 1881ರಲ್ಲಿ ಆಡಳಿತ ಮತ್ತೆ ಅರಸು ಮನೆತನಕ್ಕೆ ಬಂತು. ಕೊಡಗಿನ ಕಥೆ ಬೇರೆ: 1834ರಲ್ಲಿ ರಾಜನನ್ನು ಇಳಿಸಿ ಸೀಮೆಯನ್ನೇ ಸೇರಿಸಿಕೊಂಡರು. ಎರಡಕ್ಕೂ ಇಂಗ್ಲಿಷ್ ಬರಹಗಳಲ್ಲಿ ‘ಬ್ರಿಟಿಷ್ ಅಡ್ಮಿನಿಸ್ಟ್ರೇಷನ್’ ಎಂದೇ ಸಿಗುತ್ತದೆ. ಅನುವಾದದಲ್ಲಿ ‘ಬ್ರಿಟಿಷರ ವಶ’ ಎಂದು ಬರೆದರೆ ಕೊಡಗಿಗೆ ಹೊಂದುತ್ತದೆ. ಮೈಸೂರಿಗೆ ‘ಕಮಿಷನರ್ ಆಡಳಿತ’ವೇ ಸರಿ.

‘ಜುಡಿಷಿಯಲ್ ಅಡ್ಮಿನಿಸ್ಟ್ರೇಷನ್’ ಮತ್ತು ‘ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್’ ಒಂದೇ ಎಂದುಕೊಳ್ಳುವವರು ಬಹಳ. ಮೊದಲನೆಯದು ಸಾಮಾನ್ಯವಾಗಿ ನ್ಯಾಯಾಲಯಗಳನ್ನು ನಡೆಸುವ ಕೆಲಸ: ಕಟ್ಟಡ, ಸಿಬ್ಬಂದಿ, ವರ್ಗಾವಣೆ, ಪ್ರಕರಣಗಳ ಹಂಚಿಕೆ. ಎರಡನೆಯದು ನ್ಯಾಯದಾನ. ಸಂವಿಧಾನದ 7ನೇ ಅನುಸೂಚಿಯಲ್ಲಿರುವುದು ಈ ಎರಡನೆಯ ರೂಪ. 1976ರ 42ನೇ ತಿದ್ದುಪಡಿ ಅದನ್ನು ರಾಜ್ಯ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಯಲ್ಲಿ 11ಎ ನಮೂದಾಗಿ ಸೇರಿಸಿತು.

‘ಡಿಸ್ಟ್ರಿಕ್ಟ್’, ‘ವಿಲೇಜ್’, ‘ಟೆಂಪಲ್’, ‘ಬಿಸಿನೆಸ್’, ‘ಸಿಸ್ಟಂ’, ‘ನೆಟ್‌ವರ್ಕ್’ ಇವು ವಿಶೇಷಣದ ಜಾಗದಲ್ಲಿ ಕೂತಿರುವ ನಾಮಪದಗಳು. ಇವುಗಳಿಗೆ ಬಹುವಚನದ ‘ಎಸ್’ ಹಚ್ಚಬಾರದು. ಹತ್ತು ಜಿಲ್ಲೆಗಳ ಆಡಳಿತವಾದರೂ ‘ಡಿಸ್ಟ್ರಿಕ್ಟ್ ಅಡ್ಮಿನಿಸ್ಟ್ರೇಷನ್ಸ್’. ‘ಎಸ್’ ಹೋಗುವುದು ಕೊನೆಯ ಪದಕ್ಕೆ.

‘ಅಡ್ಮಿನಿಸ್ಟ್ರೇಟಿವ್’ ಎಂಬುದು ಇದೇ ಪದದ ವಿಶೇಷಣ ರೂಪ. ಕರ್ನಾಟಕದಲ್ಲಿ ಗ್ರಾಮ ಲೆಕ್ಕಾಧಿಕಾರಿಗಳ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು, ಇಂಗ್ಲಿಷಿನಲ್ಲಿ ‘ವಿಲೇಜ್ ಅಡ್ಮಿನಿಸ್ಟ್ರೇಟಿವ್ ಆಫೀಸರ್’. ರಾಜ್ಯ ಸರ್ಕಾರಿ ನೌಕರರ ಸೇವಾ ವ್ಯಾಜ್ಯ ಕೇಳುವುದು ‘ಕರ್ನಾಟಕ ಅಡ್ಮಿನಿಸ್ಟ್ರೇಟಿವ್ ಟ್ರಿಬ್ಯುನಲ್’, ಅಂದರೆ ಕೆಎಟಿ. ದೇಶದ ಎರಡೂ ‘ಅಡ್ಮಿನಿಸ್ಟ್ರೇಟಿವ್ ರಿಫಾರ್ಮ್ಸ್ ಕಮಿಷನ್’ಗಳಿಗೆ ಕನ್ನಡಿಗರ ನಂಟಿದೆ: 1966ರಲ್ಲಿ ಮೊರಾರ್ಜಿ ದೇಸಾಯಿ ನೇತೃತ್ವದಲ್ಲಿ ಶುರುವಾದ ಮೊದಲ ಆಯೋಗವನ್ನು ಆಮೇಲೆ ನಡೆಸಿದವರು ಕೆ. ಹನುಮಂತಯ್ಯ, 2005ರ ಎರಡನೆಯ ಆಯೋಗದ ಅಧ್ಯಕ್ಷರಾಗಿದ್ದವರು ಎಂ. ವೀರಪ್ಪ ಮೊಯಿಲಿ.

ಸರ್ಕಾರವನ್ನೇ ‘ಅಡ್ಮಿನಿಸ್ಟ್ರೇಷನ್’ ಎನ್ನುವ ದೇಶ

ಭಾರತದ ಇಂಗ್ಲಿಷಿನಲ್ಲಿ ‘ಗವರ್ನಮೆಂಟ್’ ಎಂದರೆ ಚುನಾಯಿತರು, ‘ಅಡ್ಮಿನಿಸ್ಟ್ರೇಷನ್’ ಎಂದರೆ ಅಧಿಕಾರಿಗಳು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ‘ಗವರ್ನಮೆಂಟ್’ ಎಂದರೆ ಸಂಸತ್ತು, ನ್ಯಾಯಾಂಗ ಎಲ್ಲ ಸೇರಿದ ಇಡೀ ವ್ಯವಸ್ಥೆ. ‘ಅಡ್ಮಿನಿಸ್ಟ್ರೇಷನ್’ ಎಂದರೆ ಒಬ್ಬ ಅಧ್ಯಕ್ಷರು, ಅವರು ನೇಮಿಸಿಕೊಂಡ ತಂಡ ಮತ್ತು ಅವರ ಅಧಿಕಾರಾವಧಿ. ಹೀಗಾಗಿ ಧಾರವಾಡದ ಸುದ್ದಿಯಲ್ಲಿ ‘ಅಡ್ಮಿನಿಸ್ಟ್ರೇಷನ್ ಸೆಡ್’ ಎಂದರೆ ಜಿಲ್ಲಾಧಿಕಾರಿ ಹೇಳಿದ್ದು. ವಾಷಿಂಗ್ಟನ್ ಸುದ್ದಿಯಲ್ಲಿ ಅದೇ ಎರಡು ಪದ ಶ್ವೇತಭವನದ ನಿಲುವು.

ಅಮೆರಿಕದ ಬಳಕೆಯಲ್ಲಿ ಕಾಲ ಹೇಳುವ ವಿಶೇಷಣಗಳಿಗೆ ಬಲು ಗಿರಾಕಿ. ಚುನಾವಣೆ ನವೆಂಬರ್ ಮೊದಲ ಸೋಮವಾರದ ನಂತರದ ಮಂಗಳವಾರ. ಹೊಸಬರು ಅಧಿಕಾರ ಹಿಡಿಯುವುದು ಜನವರಿ 20ರ ಮಧ್ಯಾಹ್ನ 12ಕ್ಕೆ. ಅಧ್ಯಕ್ಷರು ಬದಲಾಗುವ ವರ್ಷ ಈ ಎರಡೂವರೆ ತಿಂಗಳಲ್ಲಿ ಎರಡು ‘ಅಡ್ಮಿನಿಸ್ಟ್ರೇಷನ್’ಗಳ ಸುದ್ದಿ ಒಟ್ಟಿಗೇ ಓಡುತ್ತದೆ: ಹೊರಡುವುದು ‘ಔಟ್‌ಗೋಯಿಂಗ್’, ಬರುವುದು ‘ಇನ್‌ಕಮಿಂಗ್’. ಹೊರಡುವುದರ ಕೈ ಕಟ್ಟಿಹೋಗಿದೆ ಎಂದು ಒತ್ತಿ ಹೇಳಲು ‘ಲೇಮ್ ಡಕ್’. ಕನ್ನಡದಲ್ಲಿ ‘ನಿರ್ಗಮಿತ’ ಎಂಬುದು ಹೋಗಿಯಾಯಿತು ಎಂಬ ಅರ್ಥ ಕೊಡುತ್ತದೆ. ಜನವರಿ 20ಕ್ಕೆ ಮುಂಚಿನ ಸುದ್ದಿಗೆ ‘ನಿರ್ಗಮಿಸಲಿರುವ’ ಎಂದೇ ಬರೆಯಬೇಕು.

‘ಲಾಸ್ಟ್’ ಮತ್ತು ‘ಪ್ರೀವಿಯಸ್’ ನಡುವೆ ‘ಪ್ರೀವಿಯಸ್’ ಸುರಕ್ಷಿತ. ‘ದಿ ಲಾಸ್ಟ್ ಅಡ್ಮಿನಿಸ್ಟ್ರೇಷನ್’ ಎಂದರೆ ಹಿಂದಿನದೂ ಆಗಬಹುದು, ಕೊಟ್ಟಕೊನೆಯದೂ ಆಗಬಹುದು. ಬಿಟ್ಟು ಬಿಟ್ಟು ಎರಡು ಸಲ ಗೆದ್ದವರ ವಿಷಯದಲ್ಲಿ ‘ಫಸ್ಟ್’, ‘ಸೆಕೆಂಡ್’ ಸೇರಿಸದೆ ಗತಿಯಿಲ್ಲ. ಗ್ರೋವರ್ ಕ್ಲೀವ್‌ಲ್ಯಾಂಡ್ 1885–89 ಮತ್ತು 1893–97ರಲ್ಲಿ ಅಧ್ಯಕ್ಷರಾಗಿದ್ದರು. ಡೊನಾಲ್ಡ್ ಟ್ರಂಪ್ 2017–21ರಲ್ಲಿ ಒಮ್ಮೆ, 2025ರಿಂದ ಮತ್ತೊಮ್ಮೆ. ‘ದಿ ಫಸ್ಟ್ ಟ್ರಂಪ್ ಅಡ್ಮಿನಿಸ್ಟ್ರೇಷನ್’ ಎಂದು ಬರೆಯದಿದ್ದರೆ ಯಾವ ನೀತಿ ಯಾವ ಅವಧಿಯದು ಎಂಬುದೇ ಕಲಸಿಹೋಗುತ್ತದೆ.

ಪಕ್ಷದ ಹೆಸರು ಹಾಕುವಾಗ ‘ರಿಪಬ್ಲಿಕನ್ ಅಡ್ಮಿನಿಸ್ಟ್ರೇಷನ್’ ನೇರ. ಆದರೆ ‘ಡೆಮಾಕ್ರಾಟ್ ಅಡ್ಮಿನಿಸ್ಟ್ರೇಷನ್’ ಅನ್ನಬಾರದು, ‘ಡೆಮಾಕ್ರಟಿಕ್’ ಆಗಬೇಕು. ‘ಡೆಮಾಕ್ರಾಟ್’ ಅನ್ನು ವಿಶೇಷಣವಾಗಿ ಬಳಸುವುದು ಅಲ್ಲಿ ಎದುರಾಳಿಗಳು ಕೆಣಕಲು ಬಳಸುವ ವರಸೆ. ಬ್ರಿಟನ್ನಿನಲ್ಲಿ ಬೇರೊಂದು ಬಲೆ ಇದೆ: ದೊಡ್ಡ ಅಕ್ಷರದಿಂದ ಶುರುವಾಗುವ ‘ಕನ್ಸರ್ವೇಟಿವ್’ ಪಕ್ಷದ ಹೆಸರು, ಸಣ್ಣ ಅಕ್ಷರದ್ದು ಸಂಪ್ರದಾಯಶೀಲ ಎಂಬ ಗುಣ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲದ ಕಾರಣ ಅನುವಾದಕರೇ ‘ಕನ್ಸರ್ವೇಟಿವ್ ಪಕ್ಷದ’ ಎಂದು ಬಿಡಿಸಿ ಬರೆಯಬೇಕು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಪ್ರಾದೇಶಿಕ ಸರ್ಕಾರಗಳನ್ನು ಒಟ್ಟಾಗಿ ‘ಡಿವಾಲ್ವ್ಡ್ ಅಡ್ಮಿನಿಸ್ಟ್ರೇಷನ್ಸ್’ ಎನ್ನುತ್ತಾರೆ. ಕೇಂದ್ರದಿಂದ ಅಧಿಕಾರ ಹಂಚಿಕೊಂಡು ಬಂದವು ಎಂಬ ಭಾವ ಆ ವಿಶೇಷಣದ್ದು.

‘ಇಂಟೆರಿಮ್’, ‘ಟ್ರಾನ್ಸಿಷನಲ್’ ಎರಡಕ್ಕೂ ನಾವು ‘ಮಧ್ಯಂತರ’ ಎಂದುಬಿಡುತ್ತೇವೆ. ಅಫ್ಗಾನಿಸ್ತಾನದಲ್ಲಿ ಇವು ಒಂದರ ನಂತರ ಒಂದು ಬಂದ ಎರಡು ಬೇರೆ ವ್ಯವಸ್ಥೆಗಳು: 2001ರ ಡಿಸೆಂಬರ್‌ನಿಂದ ‘ಇಂಟೆರಿಮ್ ಅಡ್ಮಿನಿಸ್ಟ್ರೇಷನ್’, 2002ರ ಜೂನ್‌ನಿಂದ ‘ಟ್ರಾನ್ಸಿಷನಲ್ ಅಡ್ಮಿನಿಸ್ಟ್ರೇಷನ್’, ಎರಡಕ್ಕೂ ಹಮೀದ್ ಕರ್ಜಾಯ್ ಅವರೇ ಮುಖ್ಯಸ್ಥರು. ಮೊದಲನೆಯದು ಜಾಗ ಖಾಲಿ ಬಿಡಬಾರದೆಂದು ಕೂರಿಸಿದ್ದು. ಎರಡನೆಯದು ಸಂವಿಧಾನ ಮತ್ತು ಚುನಾವಣೆಯತ್ತ ದಾಟಿಸಲು. ‘ತಾತ್ಕಾಲಿಕ’ ಮತ್ತು ‘ಸಂಕ್ರಮಣ ಕಾಲದ’ ಎಂದು ಬೇರ್ಪಡಿಸಿದರೆ ಸುದ್ದಿ ಸ್ಪಷ್ಟ. ವಿಶ್ವಸಂಸ್ಥೆ 1999ರಿಂದ 2002ರವರೆಗೆ ಪೂರ್ವ ಟಿಮೋರ್‌ನಲ್ಲಿ ನಡೆಸಿದ್ದೂ ‘ಟ್ರಾನ್ಸಿಷನಲ್ ಅಡ್ಮಿನಿಸ್ಟ್ರೇಷನ್’ ಎಂಬ ಹೆಸರಿನದೇ.

ಅಮೆರಿಕದಲ್ಲಿ ಇನ್ನೂ ಒಂದು ಬಳಕೆ ಇದೆ: ಸಂಸ್ಥೆಗಳ ಹೆಸರಿನ ಕೊನೆಗೆ ಈ ಪದ ಬರುತ್ತದೆ. 1958ರಲ್ಲಿ ಹುಟ್ಟಿದ ನಾಸಾದ ಕೊನೆಯ ‘ಎ’ ಇದೇ ‘ಅಡ್ಮಿನಿಸ್ಟ್ರೇಷನ್’. ಅದರ ಮುಖ್ಯಸ್ಥರ ಹುದ್ದೆಯ ಹೆಸರೂ ‘ಅಡ್ಮಿನಿಸ್ಟ್ರೇಟರ್’. ಎಫ್‌ಡಿಎ ಎಂದರೆ ‘ಫುಡ್ ಅಂಡ್ ಡ್ರಗ್ ಅಡ್ಮಿನಿಸ್ಟ್ರೇಷನ್’. (ನಮ್ಮ ಪರೀಕ್ಷಾರ್ಥಿಗಳಿಗೆ ಎಫ್‌ಡಿಎ ಎಂದರೆ ಪ್ರಥಮ ದರ್ಜೆ ಸಹಾಯಕ, ಆ ಮಾತು ಬಿಡಿ.) ಪತ್ರಿಕೆಗಳಲ್ಲಿ ‘ಅಮೆರಿಕದ ಆಹಾರ ಮತ್ತು ಔಷಧ ಆಡಳಿತ’ ಎಂದು ಬರುವುದುಂಟು. ‘ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ’ ಎಂದರೆ ಅದು ಏನು ಮಾಡುತ್ತದೆ ಎಂಬುದಾದರೂ ತಿಳಿಯುತ್ತದೆ.

ಕಂಪನಿ ಮುಳುಗುವಾಗ

ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಕಂಪನಿಯೋ ಕ್ಲಬ್ಬೋ ‘ಗೋಸ್ ಇನ್‌ಟು ಅಡ್ಮಿನಿಸ್ಟ್ರೇಷನ್’ ಎಂದಾಗ ಅದು ದಿವಾಳಿ ಕಾನೂನಿನ ಪದ. ಇದನ್ನು ‘ಆಡಳಿತಕ್ಕೆ ಬಂತು’ ಎಂದು ಬರೆದರೆ ಅರ್ಥ ತಲೆಕೆಳಗು: ಆಡಳಿತ ಕಳೆದುಕೊಂಡ ಕಂಪನಿಗೆ ನಾವು ಅಧಿಕಾರ ಕೊಟ್ಟಂತಾಗುತ್ತದೆ.

ಬ್ರಿಟನ್ನಿನ 1986ರ ಇನ್‌ಸಾಲ್ವೆನ್ಸಿ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ತಜ್ಞರೊಬ್ಬರು ‘ಅಡ್ಮಿನಿಸ್ಟ್ರೇಟರ್’ ಆಗಿ ಬರುತ್ತಾರೆ, ನಿರ್ದೇಶಕರ ಕೈಯಿಂದ ನಿಯಂತ್ರಣ ತಪ್ಪುತ್ತದೆ. ಆ ಕ್ಷಣದಿಂದ ಸಾಲ ಕೊಟ್ಟವರು ಕೋರ್ಟಿನ ಅಥವಾ ಅಡ್ಮಿನಿಸ್ಟ್ರೇಟರ್ ಅವರ ಒಪ್ಪಿಗೆ ಇಲ್ಲದೆ ವಸೂಲಿ ಕ್ರಮ ಕೈಗೊಳ್ಳುವಂತಿಲ್ಲ. ಮೊದಲ ಗುರಿ ಕಂಪನಿಯನ್ನು ನಡೆಯುವ ಸ್ಥಿತಿಯಲ್ಲೇ ಉಳಿಸುವುದು. ಅದಾಗದಿದ್ದರೆ ನೇರವಾಗಿ ಮುಚ್ಚಿದ್ದಕ್ಕಿಂತ ಸಾಲ ಕೊಟ್ಟವರಿಗೆ ಹೆಚ್ಚು ಸಿಗುವಂತೆ ನೋಡುವುದು. ಅದೂ ಆಗದಿದ್ದರೆ ಆಸ್ತಿ ಮಾರಿ ಅಡಮಾನ ಇಟ್ಟುಕೊಂಡವರಿಗೆ ಕೊಡುವುದು. ಎಂಟು ವಾರದೊಳಗೆ ಯೋಜನೆ ಮುಂದಿಡಬೇಕು. ಅವಧಿ ವಿಸ್ತರಿಸದಿದ್ದರೆ ಒಂದು ವರ್ಷಕ್ಕೆ ತಾನಾಗಿ ಕೊನೆಯಾಗುತ್ತದೆ.

‘ಲಿಕ್ವಿಡೇಷನ್’ ಬೇರೆ. ಅದು ಅಂಗಡಿ ಮುಚ್ಚಿ ಲೆಕ್ಕ ಚುಕ್ತಾ ಮಾಡುವುದು. ಮೊನಾರ್ಕ್ ಏರ್‌ಲೈನ್ಸ್ 2017ರಲ್ಲಿ ಹೋಗಿದ್ದು ಅಡ್ಮಿನಿಸ್ಟ್ರೇಷನ್‌ಗೆ. ಬ್ರಿಟನ್ನಿನ ಪ್ರವಾಸ ಕಂಪನಿ ಥಾಮಸ್ ಕುಕ್ 2019ರಲ್ಲಿ ಹೋಗಿದ್ದು ಕಡ್ಡಾಯ ಲಿಕ್ವಿಡೇಷನ್‌ಗೆ. ಎರಡಕ್ಕೂ ‘ದಿವಾಳಿ’ ಎಂದು ಶೀರ್ಷಿಕೆ ಕೊಡುವುದು ಸುಲಭ, ಆದರೆ ಒಳಗಿನ ಪ್ಯಾರಾದಲ್ಲಾದರೂ ವ್ಯತ್ಯಾಸ ಬರಬೇಕು. ಕ್ರೀಡಾ ಪುಟದಲ್ಲಿ ಇದರ ಬಿಸಿ ನೇರವಾಗಿ ತಟ್ಟುತ್ತದೆ: ಪೋರ್ಟ್ಸ್‌ಮತ್ 2010ರಲ್ಲಿ ಅಡ್ಮಿನಿಸ್ಟ್ರೇಷನ್‌ಗೆ ಹೋದ ಮೊದಲ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಕ್ಲಬ್ ಆಗಿ 9 ಪಾಯಿಂಟ್ ಕಳೆದುಕೊಂಡಿತು, 2021ರಲ್ಲಿ ಡರ್ಬಿ ಕೌಂಟಿಗೆ ಇದೇ ಕಾರಣಕ್ಕೆ 12 ಪಾಯಿಂಟ್ ಕಡಿತವಾಯಿತು.

ಈ ಅರ್ಥದಲ್ಲಿ ಮುಂಚೆ ಬರುವ ವಿಶೇಷಣಗಳು ಕೆಲವೇ. ಆಸ್ಟ್ರೇಲಿಯಾದ್ದು ‘ವಾಲಂಟರಿ’, ವರ್ಜಿನ್ ಆಸ್ಟ್ರೇಲಿಯಾ 2020ರ ಏಪ್ರಿಲ್‌ನಲ್ಲಿ ಹೋಗಿದ್ದು ಅದಕ್ಕೆ. ‘ಪ್ರೀ-ಪ್ಯಾಕ್’ ಎಂದರೆ ಅಡ್ಮಿನಿಸ್ಟ್ರೇಟರ್ ಬರುವ ಮೊದಲೇ ಮಾರಾಟದ ಮಾತುಕತೆ ಮುಗಿದಿರುವುದು. ನೀರು, ವಿದ್ಯುತ್‌ನಂಥ ಅಗತ್ಯ ಸೇವೆ ನಿಲ್ಲಬಾರದೆಂದು ಬ್ರಿಟನ್ನಿನಲ್ಲಿರುವುದು ‘ಸ್ಪೆಷಲ್’. ವಿಶೇಷಣ ಇಲ್ಲದಾಗ ‘ಇನ್’, ‘ಇನ್‌ಟು’, ‘ಔಟ್ ಆಫ್’ ಎಂಬ ಸಣ್ಣ ಪದಗಳೇ ಸುಳಿವು.

ಭಾರತದಲ್ಲಿ ಇಂಥ ಪ್ರಕ್ರಿಯೆ 2016ರ ದಿವಾಳಿ ಸಂಹಿತೆಯಡಿ ನಡೆಯುತ್ತದೆ, ಅಲ್ಲಿ ಚಾಲ್ತಿಯಲ್ಲಿರುವ ಪದ ‘ರೆಸಲ್ಯೂಷನ್’. ನಮ್ಮಲ್ಲಿ ‘ಅಡ್ಮಿನಿಸ್ಟ್ರೇಟರ್’ ಎಂದರೆ ಹೆಚ್ಚಿನ ಸಲ ಚುನಾಯಿತ ಮಂಡಳಿ ಇಲ್ಲದಾಗ ಸರ್ಕಾರ ನೇಮಿಸುವ ಆಡಳಿತಾಧಿಕಾರಿ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಾಗ ಬಂದವರು ಅಂಥವರು. ಅದರಲ್ಲಿ ದಿವಾಳಿಯ ವಾಸನೆಯಿಲ್ಲ.

ಇದೇ ಕಾನೂನು ಅಂಗಳದಲ್ಲಿ ‘ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್’ ಎಂಬುದೂ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ, ಉಯಿಲು ಬರೆಯದೆ ತೀರಿಕೊಂಡವರ ಆಸ್ತಿ ನೋಡಿಕೊಳ್ಳಲು ಕೋರ್ಟು ಕೊಡುವ ಅಧಿಕಾರಪತ್ರ ಅದು. ಉಯಿಲಿದ್ದೂ ಅದನ್ನು ಜಾರಿ ಮಾಡುವವರ ಹೆಸರು ಇಲ್ಲದಿದ್ದರೆ ‘ವಿತ್ ದಿ ವಿಲ್ ಅನೆಕ್ಸ್ಡ್’ ಎಂದು ಸೇರುತ್ತದೆ. ‘ಆಡಳಿತ ಪತ್ರಗಳು’ ಎಂದು ಬರೆದರೆ ವಕೀಲರೂ ತಲೆ ಕೆರೆದುಕೊಳ್ಳಬೇಕಾದೀತು.

ಔಷಧದ ಚೀಟಿಯಲ್ಲಿ

ವಿಶೇಷಣ ತಪ್ಪಿದರೆ ಜೀವಕ್ಕೇ ಬರುವ ಜಾಗ ಇದು. ಇಲ್ಲಿ ‘ಅಡ್ಮಿನಿಸ್ಟ್ರೇಷನ್’ ಎಂದರೆ ಔಷಧ ಕೊಡುವ ಕ್ರಿಯೆ, ವಿಶೇಷಣ ಎಂದರೆ ಕೊಡುವ ದಾರಿ.

‘ಓರಲ್’ ಬಾಯಿಯ ಮೂಲಕ. ‘ಸಬ್‌ಲಿಂಗ್ವಲ್’ ನಾಲಿಗೆಯಡಿ. ಎರಡೂ ಬಾಯಿಯೇ ತಾನೆ ಎಂದು ನುಂಗಿದರೆ ಕೆಲಸ ಕೆಡುತ್ತದೆ. ಎದೆನೋವಿಗೆ ಕೊಡುವ ಐಸೊಸಾರ್ಬೈಡ್ ಡೈನೈಟ್ರೇಟ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟರೆ ಅಲ್ಲಿನ ತೆಳು ಪೊರೆಯಿಂದ ನೇರ ರಕ್ತಕ್ಕೆ ಇಳಿದು ನಿಮಿಷಗಳಲ್ಲಿ ಪರಿಣಾಮ ಕಾಣುತ್ತದೆ. ನುಂಗಿದರೆ ಹೊಟ್ಟೆಯಿಂದ ಯಕೃತ್ತಿಗೆ ಹೋಗಿ ಅಲ್ಲೇ ದೊಡ್ಡ ಪಾಲು ಒಡೆದುಹೋಗುತ್ತದೆ.

‘ಎಂಟರಲ್’ ಎಂದರೆ ಜೀರ್ಣನಾಳದ ಮೂಲಕ. ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆಯೂ ಇದರಲ್ಲಿ ಸೇರುತ್ತದೆ. ‘ಪ್ಯಾರೆಂಟರಲ್’ ಎಂದರೆ ಜೀರ್ಣನಾಳವನ್ನು ತಪ್ಪಿಸಿ, ಬಹುಪಾಲು ಸೂಜಿಯಿಂದ. ಮೊದಲಿಗೆ ಬರುವ ಒಂದು ಉಪಸರ್ಗ ಅರ್ಥವನ್ನು ಪೂರ್ತಿ ತಿರುಗಿಸುತ್ತದೆ. ಬಾಯಿಗೆ ಹಾಕುವ ದ್ರವವನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ಎಳೆದಿಟ್ಟಾಗ ಅದು ಡ್ರಿಪ್ ನಳಿಕೆಗೆ ಹೋಗಿಬಿಡುವ ಅಪಾಯ ಇರುವುದರಿಂದಲೇ ಸೂಜಿಗೂ ಡ್ರಿಪ್‌ಗೂ ಜೋಡಣೆಯಾಗದ ಬೇರೆ ‘ಓರಲ್ ಸಿರಿಂಜ್’ಗಳು ಬಂದವು.

ಸೂಜಿಯಲ್ಲೂ ದಾರಿಗಳು ಹಲವು. ‘ಇಂಟ್ರಾಮಸ್ಕ್ಯುಲರ್’ ಸ್ನಾಯುವಿನೊಳಗೆ, ಸೂಜಿ ಚರ್ಮಕ್ಕೆ 90 ಡಿಗ್ರಿ. ‘ಸಬ್‌ಕ್ಯುಟೇನಿಯಸ್’ ಚರ್ಮದಡಿಯ ಕೊಬ್ಬಿಗೆ, ಸಾಮಾನ್ಯವಾಗಿ 45 ಡಿಗ್ರಿ. ‘ಇಂಟ್ರಾಡರ್ಮಲ್’ ಚರ್ಮದ ಪದರದೊಳಗೇ, ಸೂಜಿ ಬಹುತೇಕ ಮಲಗಿದಂತೆ 5ರಿಂದ 15 ಡಿಗ್ರಿ. ಸರಿಯಾಗಿ ಹೋದರೆ ಸಣ್ಣ ಗುಳ್ಳೆ ಏಳುತ್ತದೆ. ಕ್ಷಯರೋಗದ ಬಿಸಿಜಿ ಲಸಿಕೆ ಕೊಡುವುದು ಹೀಗೆ, ನವಜಾತ ಶಿಶುವಿಗೆ 0.05 ಮಿಲಿ. ಅದು ಆಳಕ್ಕೆ ಇಳಿದರೆ ಕೀವುಗಟ್ಟುವ ಸಂಭವ ಹೆಚ್ಚು. ಹುಚ್ಚುನಾಯಿ ಕಡಿತದ ಲಸಿಕೆಯಲ್ಲಿ ವಿಶೇಷಣ ಬದಲಾದರೆ ಪ್ರಮಾಣವೂ ದಿನಗಳೂ ಬದಲಾಗುತ್ತವೆ: ‘ಇಂಟ್ರಾಡರ್ಮಲ್’ ಆದರೆ 0.1 ಮಿಲಿಯಂತೆ ಎರಡು ಜಾಗಕ್ಕೆ, 0, 3, 7, 28ನೇ ದಿನ. ‘ಇಂಟ್ರಾಮಸ್ಕ್ಯುಲರ್’ ಆದರೆ ಇಡೀ ಒಂದು ವಯಲ್, 0, 3, 7, 14, 28ನೇ ದಿನ. ಎರಡನ್ನೂ ‘ಇಂಜೆಕ್ಷನ್ ಮೂಲಕ’ ಎಂದು ಅನುವಾದಿಸಿ ಮುಗಿಸಿದರೆ ಬೇಕಾದ ಮಾಹಿತಿಯೇ ಜಾರಿಹೋಗುತ್ತದೆ.

ಎಲ್ಲಕ್ಕಿಂತ ಭೀಕರ ಉದಾಹರಣೆ ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧ. ಅದನ್ನು ‘ಇಂಟ್ರಾವೀನಸ್’ ಆಗಿ, ಅಂದರೆ ರಕ್ತನಾಳಕ್ಕೆ ಮಾತ್ರ ಕೊಡಬೇಕು. ಅದೇ ರೋಗಿಗೆ ಬೇರೆ ಔಷಧವನ್ನು ‘ಇಂಟ್ರಾಥೀಕಲ್’ ಆಗಿ, ಅಂದರೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುವುದಿರುತ್ತದೆ. ಎರಡು ಸಿರಿಂಜ್ ಅದಲುಬದಲಾಗಿ ವಿನ್‌ಕ್ರಿಸ್ಟೀನ್ ಬೆನ್ನಿಗೆ ಹೋದರೆ ರೋಗಿ ಉಳಿಯುವುದು ತೀರಾ ವಿರಳ. ಹಲವು ದೇಶಗಳಲ್ಲಿ ಸಾವುಗಳಾಗಿವೆ. ಆದ್ದರಿಂದಲೇ ಅದರ ಲೇಬಲ್ ಮೇಲೆ ರಕ್ತನಾಳಕ್ಕೆ ಮಾತ್ರ, ಬೇರೆ ದಾರಿಯಲ್ಲಿ ಕೊಟ್ಟರೆ ಸಾವು ಎಂಬ ಎಚ್ಚರಿಕೆ ಇರುತ್ತದೆ. ಸಿರಿಂಜಿನ ಬದಲು ಸಣ್ಣ ಡ್ರಿಪ್ ಚೀಲದಲ್ಲೇ ತಯಾರಿಸಿಡಿ ಎಂಬುದು ಈಗಿನ ಸಲಹೆ. ಚೀಲವನ್ನು ಬೆನ್ನಿನ ಸೂಜಿಗೆ ಯಾರೂ ಜೋಡಿಸಲಾರರಷ್ಟೆ.

‘ಟಾಪಿಕಲ್’ ಹಚ್ಚಿದ ಜಾಗದಲ್ಲೇ ಕೆಲಸ ಮಾಡಲು. ‘ಟ್ರಾನ್ಸ್‌ಡರ್ಮಲ್’ ಚರ್ಮದ ಮೂಲಕ ರಕ್ತಕ್ಕೆ ಇಳಿಯಲು, ನಿಕೋಟಿನ್ ಪಟ್ಟಿಯ ಹಾಗೆ. ‘ರಿಪೀಟೆಡ್’, ‘ಸಿಂಗಲ್’, ‘ಕಾಂಕಾಮಿಟೆಂಟ್’ ಇವು ದಾರಿಯನ್ನಲ್ಲದೆ ಎಷ್ಟು ಸಲ, ಯಾವುದರ ಜೊತೆ ಎಂಬುದನ್ನು ಹೇಳುತ್ತವೆ. ಕೊನೆಯದು ಬೇರೆ ಔಷಧದ ಜೊತೆಜೊತೆಗೇ ಕೊಡುವುದು. ಕನ್ನಡದಲ್ಲಿ ಈ ಎಲ್ಲ ಕಡೆ ‘ನೀಡುವಿಕೆ’ ಎಂಬ ನಾಮಪದಕ್ಕೆ ಜೋತುಬೀಳುವುದಕ್ಕಿಂತ ‘ಬಾಯಿಯ ಮೂಲಕ ಕೊಡಬೇಕು’ ಎಂದು ಕ್ರಿಯಾಪದದಲ್ಲಿ ಹೇಳಿದರೆ ನರ್ಸಿಗೂ ರೋಗಿಗೂ ಅರ್ಥವಾಗುತ್ತದೆ.

‘ಕೊಡುವುದು’ ಎಂಬ ಎಳೆಯದೇ ಇನ್ನೊಂದು: ‘ಅಡ್ಮಿನಿಸ್ಟರ್ಡ್ ದಿ ಓತ್’. ರಾಜ್ಯಪಾಲರು ಪ್ರಮಾಣವಚನ ಬೋಧಿಸುತ್ತಾರೆ, ಮುಖ್ಯಮಂತ್ರಿ ಸ್ವೀಕರಿಸುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಅಡ್ಮಿನಿಸ್ಟರ್’ ರಾಜ್ಯಪಾಲರ ಪಾಲಿಗೆ, ‘ಟೇಕ್’ ಮುಖ್ಯಮಂತ್ರಿಯ ಪಾಲಿಗೆ.

ಗುಣ ಹೊಗಳುವಾಗ, ತೆಗಳುವಾಗ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಹೆಚ್ಚು ಎಡವುವುದು ಇಲ್ಲೇ. ‘ಚುರುಕು ಆಡಳಿತ’ವನ್ನು ‘ಫಾಸ್ಟ್ ಅಡ್ಮಿನಿಸ್ಟ್ರೇಷನ್’ ಎಂದರೆ ಇಂಗ್ಲಿಷ್ ಕಿವಿಗೆ ಹಿಡಿಸದು. ಜನರ ಅಹವಾಲಿಗೆ ಬೇಗ ಓಗೊಡುವುದು ಎಂಬ ಅರ್ಥವಾದರೆ ‘ರೆಸ್ಪಾನ್ಸಿವ್’ ಬಳಸಿ. ‘ಬಿಗಿ ಆಡಳಿತ’ಕ್ಕೆ ‘ಟೈಟ್’ ಕೂಡುವುದಿಲ್ಲ, ಅದು ‘ಕಂಟ್ರೋಲ್’ ಜೊತೆ ಹೋಗುವ ಪದ. ಇಲ್ಲಿ ‘ಫರ್ಮ್’ ಅಥವಾ ‘ಸ್ಟ್ರಿಕ್ಟ್’. ಬಿಗಿ ಇಲ್ಲದಿರುವುದು ‘ಲ್ಯಾಕ್ಸ್’, ‘ಲೂಸ್’ ಬೇಡ. ಜಡ್ಡುಗಟ್ಟಿದ್ದು ‘ಸ್ಲಗಿಶ್’. ಮೇಲಧಿಕಾರಿಗಳೇ ತುಂಬಿ ಕೆಲಸ ಮಾಡುವವರು ಕಡಿಮೆ ಇದ್ದರೆ ‘ಟಾಪ್-ಹೆವಿ’, ಬೇಡದ ಹುದ್ದೆಗಳಿಂದ ಉಬ್ಬಿದ್ದರೆ ‘ಬ್ಲೋಟೆಡ್’. ‘ಸ್ವಚ್ಛ ಆಡಳಿತ’ ಮಾತ್ರ ಅದೃಷ್ಟವಶಾತ್ ‘ಕ್ಲೀನ್ ಅಡ್ಮಿನಿಸ್ಟ್ರೇಷನ್’ ಆಗಿ ಹಾಗೇ ದಾಟುತ್ತದೆ.

‘ಎಫಿಷಿಯೆಂಟ್’ ಮತ್ತು ‘ಎಫೆಕ್ಟಿವ್’ ಬೇರೆ ಬೇರೆ. ಕಡಿಮೆ ಹಣ, ಕಡಿಮೆ ಸಮಯದಲ್ಲಿ ಕೆಲಸ ಮುಗಿಸಿದರೆ ಮೊದಲನೆಯದು, ಅಂದುಕೊಂಡ ಫಲ ಸಿಕ್ಕಿದರೆ ಎರಡನೆಯದು. ಪಿಂಚಣಿ ಅರ್ಜಿಗಳನ್ನು ಒಂದೇ ದಿನದಲ್ಲಿ ವಿಲೇವಾರಿ ಮಾಡುವ ಕಚೇರಿ ‘ಎಫಿಷಿಯೆಂಟ್’. ಅದರಲ್ಲಿ ಅರ್ಹರ ಅರ್ಜಿಗಳೇ ತಿರಸ್ಕೃತವಾಗುತ್ತಿದ್ದರೆ ಅದು ‘ಎಫೆಕ್ಟಿವ್’ ಅಲ್ಲ. ‘ಏಬಲ್’ ಎಂಬುದು ಆಡಳಿತಕ್ಕಿಂತ ಆಡಳಿತಗಾರರಿಗೆ ಒಪ್ಪುತ್ತದೆ. ‘ಸ್ಮೂತ್ ಅಡ್ಮಿನಿಸ್ಟ್ರೇಷನ್’ ನಮ್ಮ ಕಚೇರಿ ಪತ್ರಗಳಲ್ಲಿ ಧಾರಾಳವಾಗಿ ಬರುತ್ತದೆ. ತಪ್ಪೇನಲ್ಲ, ಆದರೆ ಹೊರದೇಶದವರಿಗೆ ಬರೆಯುವಾಗ ‘ಸ್ಮೂತ್ ರನ್ನಿಂಗ್ ಆಫ್ ದಿ ಆಫೀಸ್’ ಎಂದರೆ ಸಲೀಸು.

‘ಬ್ಯಾಡ್ ಅಡ್ಮಿನಿಸ್ಟ್ರೇಷನ್’ ಎಂದು ಬರೆಯುವ ಬದಲು ಸಾಮಾನ್ಯ ಟೀಕೆಗೆ ‘ಪೂರ್’, ಕಾನೂನಿನ ಅರ್ಥಕ್ಕೆ ‘ಮ್ಯಾಲ್‌ಅಡ್ಮಿನಿಸ್ಟ್ರೇಷನ್’. ಇಲ್ಲಿ ವಿಶೇಷಣದ ಕೆಲಸವನ್ನು ಉಪಸರ್ಗವೇ ಮಾಡುತ್ತದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿ ಈ ಪದಕ್ಕೆ ವ್ಯಾಖ್ಯೆಯಿದೆ: ಅಸಮಂಜಸವಾದ, ಅನ್ಯಾಯದ, ತಾರತಮ್ಯದ ಕ್ರಮಗಳ ಜೊತೆಗೆ ಮಿತಿಮೀರಿದ ವಿಳಂಬವೂ ಅದರಲ್ಲಿ ಸೇರಿದೆ. ಲಂಚ ಕೇಳದಿದ್ದರೂ ಕಡತವನ್ನು ವರ್ಷಗಟ್ಟಲೆ ಮೇಜಿನ ಮೇಲಿಟ್ಟುಕೊಂಡರೆ ಅದು ‘ಕರಪ್ಟ್’ ಆಗದಿರಬಹುದು, ‘ಮ್ಯಾಲ್‌ಅಡ್ಮಿನಿಸ್ಟ್ರೇಷನ್’ ಆಗುತ್ತದೆ. ದೂರು ಬರೆಯುವಾಗ ಯಾವ ಪದ ಹಾಕಿದ್ದೀರಿ ಎಂಬುದರ ಮೇಲೆ ಏನನ್ನು ಸಾಬೀತು ಮಾಡಬೇಕು ಎಂಬುದೂ ಬದಲಾಗುತ್ತದೆ: ಮೊದಲನೆಯದಕ್ಕೆ ಲಾಭ ಪಡೆದದ್ದನ್ನೋ ಕೇಳಿದ್ದನ್ನೋ ತೋರಿಸಬೇಕು, ಎರಡನೆಯದಕ್ಕೆ ಅರ್ಜಿ ಕೊಟ್ಟ ತಾರೀಕಿನ ಸ್ವೀಕೃತಿ ಮತ್ತು ಕಡತ ಎಲ್ಲಿ ನಿಂತಿದೆ ಎಂಬ ದಾಖಲೆ ಇಟ್ಟುಕೊಂಡು ಹೊರಡಬಹುದು.